ಥೀಮ್ ಪಾರ್ಕ್ ಪ್ರವಾಸ: ಮುಂಗಡ ಊಟದ ಪ್ಲಾನ್ ಜೈನ ಕುಟುಂಬಕ್ಕೆ ಹೊಂದುತ್ತದೆಯೇ?

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗುವ ಹಿರಿಯರು ಇಂದು ರಾಜ್ಯದ ಬಹಳಷ್ಟು ಜೈನ ಕುಟುಂಬಗಳಲ್ಲಿದ್ದಾರೆ. ಮೊಮ್ಮಕ್ಕಳ ಶಾಲೆಗೆ ರಜೆ ಬಂತೆಂದರೆ ಫ್ಲಾರಿಡಾದ ಒರ್ಲ್ಯಾಂಡೊ ಬಳಿಯ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಮನೆಮಂದಿಯೆಲ್ಲ ಹೊರಡುವುದೂ ಉಂಟು. ಹೋಟೆಲ್ ಮತ್ತು ಟಿಕೆಟ್ ಕಾಯ್ದಿರಿಸುವಾಗ ಒಂದು ಪ್ರಶ್ನೆ ಎದುರಾಗುತ್ತದೆ: ಊಟದ ಹಣವನ್ನೂ ಈಗಲೇ ಕಟ್ಟುವಿರಾ? ಕಟ್ಟಿಬಿಟ್ಟರೆ ಅಲ್ಲಿ ಹೋದ ಮೇಲೆ ಚಿಂತೆಯಿಲ್ಲ ಎಂದು ಅನೇಕರು ಒಪ್ಪಿಕೊಳ್ಳುತ್ತಾರೆ. ಆದರೆ ರಾತ್ರಿ ಭೋಜನ ತ್ಯಾಗ, ಕಂದಮೂಲ ತ್ಯಾಗದಂತಹ ನಿಯಮಗಳನ್ನು ಪಾಲಿಸುವ ಮನೆಯವರು ಒಪ್ಪುವ ಮೊದಲು ಲೆಕ್ಕ ಹಾಕಿ ನೋಡುವುದು ಒಳಿತು.

ಪ್ಲಾನ್‌ನಲ್ಲಿ ಏನಿರುತ್ತದೆ?

ಡಿಸ್ನಿ ವರ್ಲ್ಡ್‌ನ ಊಟದ ಪ್ಲಾನ್ 2005ರಲ್ಲಿ ಆರಂಭವಾಯಿತು. 2020ರಲ್ಲಿ ಕೊರೊನಾ ಕಾರಣದಿಂದ ನಿಂತು, 2024ರ ಜನವರಿಯಲ್ಲಿ ಮತ್ತೆ ಬಂತು. ಡಿಸ್ನಿಯ ಸ್ವಂತ ಹೋಟೆಲ್‌ಗಳಲ್ಲಿ ಕೋಣೆ ಮತ್ತು ಟಿಕೆಟ್ ಸೇರಿದ ಪ್ಯಾಕೇಜ್ ಪಡೆದವರಿಗೆ ಇದು ಸಿಗುತ್ತದೆ. ಮಗನ ಮನೆಯಲ್ಲೋ ಹೊರಗಿನ ಹೋಟೆಲಿನಲ್ಲೋ ಉಳಿದು ಹೋಗಿಬರುವವರಿಗೆ ಈ ಪ್ರಶ್ನೆಯೇ ಬರುವುದಿಲ್ಲ.

ಪ್ಲಾನ್‌ನಲ್ಲಿ ಎರಡು ಬಗೆ. ಕ್ವಿಕ್ ಸರ್ವಿಸ್ ಪ್ಲಾನ್‌ನಲ್ಲಿ ಒಬ್ಬರಿಗೆ ಒಂದು ರಾತ್ರಿಯ ವಾಸ್ತವ್ಯಕ್ಕೆ ಕೌಂಟರಿನಲ್ಲಿ ಪಡೆಯುವ ಎರಡು ಊಟ, ಒಂದು ತಿಂಡಿ. ಡಿಸ್ನಿ ಡೈನಿಂಗ್ ಪ್ಲಾನ್‌ನಲ್ಲಿ ಒಂದು ಕೌಂಟರ್ ಊಟ, ಕುಳಿತಲ್ಲಿಗೆ ಬಡಿಸುವ ಒಂದು ಊಟ, ಒಂದು ತಿಂಡಿ. ಎರಡರಲ್ಲೂ ಹೋಟೆಲಿನಲ್ಲಿ ಮತ್ತೆ ಮತ್ತೆ ಪಾನೀಯ ತುಂಬಿಸಿಕೊಳ್ಳುವ ಒಂದು ಮಗ್ ಕೊಡುತ್ತಾರೆ. ಬಡಿಸುವವರ ಟಿಪ್ಸ್ ಸಾಮಾನ್ಯವಾಗಿ ಇದರಲ್ಲಿ ಸೇರಿರುವುದಿಲ್ಲ.

ಗಮನಿಸಬೇಕಾದ ಷರತ್ತುಗಳು ಮೂರು. ಒಂದು, ಒಂದೇ ಬುಕಿಂಗ್‌ನಲ್ಲಿರುವ 3 ವರ್ಷ ಮೇಲ್ಪಟ್ಟ ಎಲ್ಲರೂ ಒಂದೇ ಪ್ಲಾನ್ ಕೊಳ್ಳಬೇಕು. ಎರಡು, 10 ವರ್ಷ ತುಂಬಿದ ಮಕ್ಕಳಿಗೂ ದೊಡ್ಡವರ ದರ. ಮೂರು, ಕೋಣೆ ಬಿಡುವ ದಿನದ ಮಧ್ಯರಾತ್ರಿಗೆ ಉಳಿದ ಊಟಗಳೆಲ್ಲ ರದ್ದು. ಹಣ ಮರಳಿ ಬರುವುದಿಲ್ಲ.

ಹಣದ ಲೆಕ್ಕ

2024ರಲ್ಲಿ ಕ್ವಿಕ್ ಸರ್ವಿಸ್ ಪ್ಲಾನ್‌ಗೆ ಒಂದು ರಾತ್ರಿಗೆ ದೊಡ್ಡವರಿಗೆ 57.01 ಡಾಲರ್, 3ರಿಂದ 9 ವರ್ಷದ ಮಕ್ಕಳಿಗೆ 23.83 ಡಾಲರ್ ದರವಿತ್ತು. ದರ ಮತ್ತು ರಿಯಾಯಿತಿಗಳು ವರ್ಷ ವರ್ಷವೂ ಬದಲಾಗುತ್ತವೆ. ಲೆಕ್ಕದ ಕ್ರಮ ಮಾತ್ರ ಇದೇ.

ಅಜ್ಜ, ಅಜ್ಜಿ, ಮಗ, ಸೊಸೆ, 11 ವರ್ಷದ ಮೊಮ್ಮಗಳು, 6 ವರ್ಷದ ಮೊಮ್ಮಗ ಇರುವ ಮನೆಯನ್ನು ತೆಗೆದುಕೊಳ್ಳೋಣ. ಐದು ದೊಡ್ಡವರ ದರ, ಒಂದು ಮಗುವಿನ ದರ ಸೇರಿ ಒಂದು ರಾತ್ರಿಗೆ 308.88 ಡಾಲರ್. ನಾಲ್ಕು ರಾತ್ರಿಗೆ 1,235.52 ಡಾಲರ್. ಇದರಲ್ಲಿ ಅಜ್ಜ ಅಜ್ಜಿಯರ ಪಾಲೇ 456.08 ಡಾಲರ್.

ಈಗ ಒಬ್ಬರು ನಿಜವಾಗಿ ತಿನ್ನುವುದನ್ನು ಲೆಕ್ಕ ಹಾಕೋಣ. ಅನ್ನ, ಕಾಳು, ಸೊಪ್ಪು ಇರುವ ಒಂದು ಸಸ್ಯಾಹಾರಿ ಊಟಕ್ಕೆ 14 ಡಾಲರ್, ತಿಂಡಿಗೆ 6 ಡಾಲರ್, ಮಗ್‌ನ ಒಂದು ದಿನದ ಪಾಲು 5 ಡಾಲರ್ ಎಂದು ಹಿಡಿದರೆ ದಿನಕ್ಕೆ 39 ಡಾಲರ್ ಆಯಿತು. ಕಟ್ಟಿದ್ದು 57 ಡಾಲರ್. ಉಳಿದ 18 ಡಾಲರ್ ಎಲ್ಲಿ ಹೋಯಿತು?

ಉತ್ತರ ಪ್ಲಾನ್‌ನ ರಚನೆಯಲ್ಲೇ ಇದೆ. ದೊಡ್ಡವರ ಊಟದ ಜೊತೆ ಒಂದು ಪಾನೀಯ ಸೇರಿರುತ್ತದೆ. 21 ವರ್ಷ ದಾಟಿದವರಿಗೆ ಅದು ಮದ್ಯವೂ ಆಗಬಹುದು. ಅತಿ ದುಬಾರಿಯ ಮಾಂಸದ ಖಾದ್ಯಕ್ಕೂ ಸರಳ ಸಸ್ಯಾಹಾರಕ್ಕೂ ಒಂದೇ ಊಟದ ಲೆಕ್ಕ. ದುಬಾರಿಯದನ್ನೇ ಆರಿಸಿ ಮದ್ಯವನ್ನೂ ಪಡೆಯುವವರಿಗೆ ಪ್ಲಾನ್ ಲಾಭ. ಮದ್ಯ ಮಾಂಸಗಳನ್ನು ಮುಟ್ಟದ ಶ್ರಾವಕ ಕುಟುಂಬ ತಾನು ಬಳಸದ ವಸ್ತುವಿಗೂ ಸೇರಿಸಿ ಹಣ ತೆತ್ತಂತಾಗುತ್ತದೆ. ಏಕಾಶನ ಮಾಡುವವರು ಮನೆಯಲ್ಲಿದ್ದರೆ ಅಥವಾ ಪ್ರವಾಸದ ನಡುವೆ ಅಷ್ಟಮಿ, ಚತುರ್ದಶಿ ಬಂದರೆ ನಷ್ಟ ಇನ್ನೂ ಹೆಚ್ಚು. ಆದ್ದರಿಂದ ತಾರೀಖು ನಿಗದಿ ಮಾಡುವ ಮೊದಲು ಪಂಚಾಂಗ ನೋಡುವುದು ಉತ್ತಮ.

ಸೂರ್ಯಾಸ್ತದ ಲೆಕ್ಕ

ಒರ್ಲ್ಯಾಂಡೊದಲ್ಲಿ ಸೂರ್ಯಾಸ್ತದ ಸಮಯ ಋತುವಿಗೆ ತಕ್ಕಂತೆ ಬಹಳ ಬದಲಾಗುತ್ತದೆ. ನಮ್ಮ ಬೇಸಿಗೆ ರಜೆಯ ಏಪ್ರಿಲ್, ಮೇ ತಿಂಗಳುಗಳಲ್ಲಿ ಸಂಜೆ ಸುಮಾರು 7:45ರಿಂದ 8:15ರೊಳಗೆ ಸೂರ್ಯ ಮುಳುಗುತ್ತಾನೆ. ಜೂನ್ ಕೊನೆಯಲ್ಲಿ ಸುಮಾರು 8:25. ಡಿಸೆಂಬರ್ ಆರಂಭದಲ್ಲಿ ಮಾತ್ರ 5:30ಕ್ಕೇ ಸೂರ್ಯಾಸ್ತ.

ಹೀಗಾಗಿ ಬೇಸಿಗೆಯಲ್ಲಿ ಸಂಜೆ ಆರಕ್ಕೆ ಊಟ ಕಾಯ್ದಿರಿಸಿದರೆ ಅವಸರವಿಲ್ಲದೆ ಮುಗಿಸಬಹುದು. ಕ್ರಿಸ್ಮಸ್ ರಜೆಯಲ್ಲಿ ಹೋಗುವವರು ನಾಲ್ಕು ಗಂಟೆಗೇ ಊಟಕ್ಕೆ ಕುಳಿತುಕೊಳ್ಳಬೇಕು. ಕುಳಿತು ಉಣ್ಣುವ ಊಟವನ್ನು ಮಧ್ಯಾಹ್ನಕ್ಕೇ ಇಟ್ಟುಕೊಳ್ಳುವುದು ಸುರಕ್ಷಿತ. ಇಂಥ ಊಟದ ಜಾಗವನ್ನು 60 ದಿನ ಮೊದಲಿನಿಂದ ಕಾಯ್ದಿರಿಸಬಹುದು. ಕಾಯ್ದಿರಿಸಿದರೂ ಮೇಜು ಸಿಗಲು, ಊಟ ಬರಲು ಹೊತ್ತಾಗುವುದುಂಟು. ಸೂರ್ಯಾಸ್ತಕ್ಕೆ ಕನಿಷ್ಠ ಒಂದೂವರೆ ಗಂಟೆಯ ಅಂತರ ಇರಲಿ.

ಹಸಿರು ಎಲೆಯ ಗುರುತು ಸಾಕೇ?

ಡಿಸ್ನಿಯ ಮೆನುಗಳಲ್ಲಿ ಹಸಿರು ಎಲೆಯ ಗುರುತು ಇರುವ ಖಾದ್ಯಗಳಲ್ಲಿ ಮಾಂಸ, ಹಾಲು, ಮೊಟ್ಟೆ, ಜೇನು ಇರುವುದಿಲ್ಲ. ಮೊಟ್ಟೆ, ಜೇನು ತಪ್ಪಿಸಬೇಕಾದವರಿಗೆ ಇದು ದೊಡ್ಡ ಅನುಕೂಲ. ಆದರೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆ, ಗಜ್ಜರಿ, ಅಣಬೆ ಇಲ್ಲವೆಂದು ಆ ಗುರುತು ಹೇಳುವುದಿಲ್ಲ. ಗುರುತಿಲ್ಲದ ಸಸ್ಯಾಹಾರದಲ್ಲಿ ಮೊಟ್ಟೆ ಇರಬಹುದು. ಚೀಸ್‌ನಲ್ಲಿ ಪ್ರಾಣಿಜನ್ಯ ರೆನೆಟ್, ಸಿಹಿತಿನಿಸುಗಳಲ್ಲಿ ಜೆಲಟಿನ್ ಇರುವ ಸಾಧ್ಯತೆಯಿದೆ.

ಕುಳಿತು ಉಣ್ಣುವ ರೆಸ್ಟೋರೆಂಟ್‌ಗಳಲ್ಲಿ ಬಾಣಸಿಗರೊಂದಿಗೆ ಮಾತನಾಡಿ ಬೇರೆಯಾಗಿ ಮಾಡಿಸಿಕೊಳ್ಳುವ ಅವಕಾಶ ಹೆಚ್ಚು. ಕೌಂಟರ್ ಊಟದಲ್ಲಿ ಸಾಸ್, ಮಸಾಲೆ ಮೊದಲೇ ಬೆರೆತು ಬಂದಿರುವುದರಿಂದ ಅದು ಕಷ್ಟ. "ಜೈನ್ ಊಟ" ಎಂದಷ್ಟೇ ಹೇಳಿದರೆ ಅಲ್ಲಿ ಅರ್ಥವಾಗದಿರಬಹುದು. ಬೇಡವಾದ ಪದಾರ್ಥಗಳ ಹೆಸರನ್ನು ಇಂಗ್ಲಿಷಿನಲ್ಲಿ ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಅಜ್ಜಿಯೂ ತೋರಿಸಿ ಕೇಳಬಹುದು.

ಬುತ್ತಿ ಒಯ್ಯಬಹುದೇ?

ಒಯ್ಯಬಹುದು. ಡಿಸ್ನಿ ವರ್ಲ್ಡ್ ಪಾರ್ಕುಗಳೊಳಗೆ ಸ್ವಂತ ಬಳಕೆಯ ತಿಂಡಿ, ನೀರು ಒಯ್ಯಲು ಅನುಮತಿ ಇದೆ. ಗಾಜಿನ ಪಾತ್ರೆ ಮತ್ತು ಮದ್ಯಕ್ಕೆ ಇಲ್ಲ. ಕಾಯಿಸಿ ಸೋಸಿದ ನೀರು, ಖಡಕ್ ರೊಟ್ಟಿ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿ, ಹಚ್ಚಿದ ಅವಲಕ್ಕಿ, ಖಾಖ್ರಾ ಜೊತೆಗಿದ್ದರೆ ಹಿರಿಯರ ಒಂದು ಹೊತ್ತು ಕಳೆಯುತ್ತದೆ. ಊರಿನಿಂದ ತಿಂಡಿ ಒಯ್ಯುವವರು ಅಮೆರಿಕದ ವಿಮಾನ ನಿಲ್ದಾಣದಲ್ಲಿ ಅದನ್ನು ಕಡ್ಡಾಯವಾಗಿ ಘೋಷಿಸಬೇಕು. ಹಸಿ ಹಣ್ಣು ತರಕಾರಿ ಒಯ್ಯದಿರುವುದೇ ಲೇಸು.

ಕರ್ನಾಟಕದ ಸ್ಥಿತಿ ಬೇರೆ. ಬಿಡದಿ ಬಳಿಯ ವಂಡರ್‌ಲಾ ಒಳಗೆ ಹೊರಗಿನ ಆಹಾರಕ್ಕೆ ಅವಕಾಶವಿಲ್ಲ. ಇಲ್ಲಿ ಒಂದು ದಿನದ, ಹೆಚ್ಚೆಂದರೆ ಒಂದು ಹೊತ್ತಿನ ಊಟದ ಮಾತು. ಟಿಕೆಟ್ ಜೊತೆ ಊಟಕ್ಕೂ ಹಣ ಕಟ್ಟುವ ಮೊದಲು ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ ಅಂದು ಸಿಗುತ್ತದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು. ಸಿಗದಿದ್ದರೆ ಮನೆಯಲ್ಲೇ ಉಂಡು ಹೊರಟು, ಸೂರ್ಯಾಸ್ತಕ್ಕೆ ಮುನ್ನ ಹೊರಬಂದು ಬುತ್ತಿ ಬಿಚ್ಚುವುದು ಸರಳ.

ಯಾರಿಗೆ ಹೊಂದುತ್ತದೆ, ಯಾರಿಗೆ ಇಲ್ಲ

ಈರುಳ್ಳಿ ಬೆಳ್ಳುಳ್ಳಿಯ ಕಟ್ಟುನಿಟ್ಟು ಇಲ್ಲದ, ದಿನಕ್ಕೆ ಎರಡು ಬಾರಿ ಹೊರಗೆ ಉಣ್ಣುವ, 10 ವರ್ಷದೊಳಗಿನ ಮಕ್ಕಳಿರುವ ಚಿಕ್ಕ ಕುಟುಂಬಕ್ಕೆ ಪ್ಲಾನ್ ಹೊಂದಬಹುದು. ಮಿಕ್ಕಿ ಮೌಸ್ ವೇಷಧಾರಿಗಳು ಮೇಜಿನ ಬಳಿ ಬರುವ ಊಟದ ಸ್ಥಳಗಳು ದುಬಾರಿ. ಮಕ್ಕಳಿಗೆ ಅದೇ ಮುಖ್ಯ ಆಕರ್ಷಣೆಯಾದರೆ ಎರಡನೆಯ ಬಗೆಯ ಪ್ಲಾನ್‌ನ ಮಕ್ಕಳ ದರ ಅನುಕೂಲಕರ.

ನಿಯಮಸ್ಥ ಹಿರಿಯರು ಜೊತೆಗಿದ್ದರೆ ಅವರ ಕೋಣೆಯನ್ನು ಬೇರೆ ಬುಕಿಂಗ್‌ನಲ್ಲಿ ಪ್ಲಾನ್ ಇಲ್ಲದೆ ಮಾಡಿಸಬಹುದು. ಆಗ ಮಗ ಸೊಸೆ ಪ್ಲಾನ್ ಕೊಂಡರೂ ಹಿರಿಯರಿಗೆ ಕಟ್ಟಬೇಕಿಲ್ಲ. ಎಲ್ಲರೂ ನಿಯಮ ಪಾಲಿಸುವ ಮನೆಯಾದರೆ ಪ್ಲಾನ್ ಬಿಟ್ಟು, ತಿಂದಷ್ಟಕ್ಕೆ ಹಣ ಕೊಡುವುದೇ ಲೇಸು.

ಇದಕ್ಕೆ ಉಳಿತಾಯವಷ್ಟೇ ಕಾರಣವಲ್ಲ. ಮುಂಗಡ ಕಟ್ಟಿದ ಹಣ ಮನಸ್ಸಿನ ಮೇಲೆ ಭಾರವಾಗುತ್ತದೆ. "ದುಡ್ಡು ಕೊಟ್ಟಾಗಿದೆ, ಇವತ್ತೊಂದು ದಿನ ತಿಂದುಬಿಡಿ ಅಮ್ಮ" ಎಂಬ ಮಾತು ಪ್ರೀತಿಯಿಂದಲೇ ಬರುತ್ತದೆ. ಆಗ ಅಜ್ಜಿ ವರ್ಷಗಳಿಂದ ಕಾಯ್ದುಕೊಂಡ ನಿಯಮ ಮುರಿಯಬೇಕು, ಇಲ್ಲವೇ ಎಲ್ಲರೆದುರು ಬೇಡವೆಂದು ಹಸಿದು ಕೂರಬೇಕು. ಎರಡೂ ಪ್ರವಾಸದ ಸಂತೋಷ ಕೆಡಿಸುತ್ತವೆ. ಬುಕಿಂಗ್ ಮಾಡುವ ಮೊದಲೇ ಮನೆಯಲ್ಲಿ ಎಲ್ಲರೂ ಕುಳಿತು, ಯಾರ ನಿಯಮ ಏನು, ಯಾರು ಎಷ್ಟು ಹೊತ್ತು ಉಣ್ಣುತ್ತಾರೆ ಎಂದು ಹಿರಿಯರನ್ನೇ ಕೇಳಿ ಬರೆದುಕೊಂಡರೆ ಈ ಇಕ್ಕಟ್ಟು ಬರುವುದಿಲ್ಲ.