ವೇಷ ತೊಟ್ಟ ಮಗುವೂ ಒಂದು ಗೊಂಬೆ: ಹಳೆಯ ಆಟಿಕೆಗಳ ಸಂಗ್ರಹ ಮತ್ತು ನಾಲ್ಕು ತಾಲೂಕುಗಳ ಪೇಟೆ

ಜನವರಿ ತಿಂಗಳು ಬಂದಿತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಪಟ್ಟಣಗಳಲ್ಲಿ ವೇಷಭೂಷಣ ಬಾಡಿಗೆಗೆ ಕೊಡುವ ಅಂಗಡಿಗಳಿಗೆ ಬಿಡುವಿರುವುದಿಲ್ಲ. ಶಾಲೆಗಳ ಗ್ಯಾದರಿಂಗ್ ಮತ್ತು ಗಣರಾಜ್ಯೋತ್ಸವದ ಛದ್ಮವೇಷ ಸ್ಪರ್ಧೆಗಳು ಒಟ್ಟಿಗೇ ಬರುವುದರಿಂದ ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ, ವಿವೇಕಾನಂದ, ಅಕ್ಕಮಹಾದೇವಿ ಇವರೆಲ್ಲರ ಚಿಕ್ಕ ಅಳತೆಯ ಉಡುಪುಗಳು ಗೂಟದಿಂದ ಇಳಿದು ಮನೆಮನೆಗೆ ಹೋಗುತ್ತವೆ. ವೈಶಾಖದಲ್ಲಿ ಅಕ್ಷಯ ತೃತೀಯೆಯಂದು ಬಸವ ಜಯಂತಿ ಬಂದಾಗ, ಬಸವೇಶ್ವರರ ಜನ್ಮಸ್ಥಳವಾದ ಬಾಗೇವಾಡಿಯಲ್ಲಿ ಕಿರೀಟ ಮತ್ತು ಅಂಗವಸ್ತ್ರ ತೊಟ್ಟ ಬಾಲ ಬಸವಣ್ಣರು ತಾಯಂದಿರ ಕೈಹಿಡಿದು ನಡೆಯುವುದನ್ನು ಕಾಣಬಹುದು. ಬಾಡಿಗೆ, ಠೇವಣಿ, ಹರಿದರೆ ದಂಡ, ಇಷ್ಟೇ ಈ ವ್ಯಾಪಾರದ ಲೆಕ್ಕ. ಜರಿ ಕಪ್ಪಾದ ಮೇಲೆ, ರಟ್ಟಿನ ಖಡ್ಗ ಮುರಿದ ಮೇಲೆ ಆ ಸರಕು ಮಾಳಿಗೆಗೆ ಏರುತ್ತದೆ, ಅಲ್ಲಿಂದ ಗುಜರಿಗೆ.

ಇಂಥದೇ ಅಗ್ಗದ ಮಕ್ಕಳ ವೇಷವು ಅಮೆರಿಕದಲ್ಲಿ ಇಂದು ಒಂದು ಪ್ರತ್ಯೇಕ ಗೊಂಬೆ ವ್ಯಾಪಾರಕ್ಕೆ ಮೂಲವಾಗಿದೆ ಎಂಬ ಸಂಗತಿ ಇಲ್ಲಿನ ವರ್ತಕರಿಗೆ ಕುತೂಹಲವನ್ನಷ್ಟೇ ಅಲ್ಲ, ಕೆಲವು ಲೆಕ್ಕಗಳನ್ನೂ ಒದಗಿಸಬಲ್ಲದು.

ಅಕ್ಟೋಬರ್ 31ರ ರಾತ್ರಿ ಅಲ್ಲಿನ ಮಕ್ಕಳು ಭೂತ, ಪ್ರೇತ, ವೀರಪುರುಷರ ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಮಿಠಾಯಿ ಬೇಡುವ ಹಬ್ಬವೇ ಹ್ಯಾಲೋವೀನ್. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 1937ರಲ್ಲಿ ಆರಂಭವಾದ ಬೆನ್ ಕೂಪರ್ ಕಂಪನಿಯು ಈ ಹಬ್ಬಕ್ಕೆ ಸಿದ್ಧ ವೇಷಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರಿತು. ಸ್ಥಾಪಕನು ಮೊದಲು ನಾಟಕರಂಗಕ್ಕೆ ಉಡುಪು ಒದಗಿಸುತ್ತಿದ್ದವನು. ತೆಳು ಪ್ಲಾಸ್ಟಿಕ್ಕಿನ ಮುಖವಾಡ, ಅದಕ್ಕೆ ಕಟ್ಟಿದ ರಬ್ಬರ್ ದಾರ, ಮೈಮೇಲೆ ಹಾಕಿಕೊಳ್ಳಲು ನಿಲುವಂಗಿ, ಪೆಟ್ಟಿಗೆಯ ಮುಚ್ಚಳದಲ್ಲಿ ಪಾರದರ್ಶಕ ಹಾಳೆಯ ಕಿಟಕಿ. ನಿಲುವಂಗಿಯ ಎದೆಯ ಮೇಲೆ ಪಾತ್ರದ ಚಿತ್ರವನ್ನೂ ಹೆಸರನ್ನೂ ಮುದ್ರಿಸುತ್ತಿದ್ದರು. ನಿಜವಾದ ವೀರನು ತನ್ನ ಎದೆಯ ಮೇಲೆ ತನ್ನದೇ ಚಿತ್ರ ಬರೆದುಕೊಂಡು ತಿರುಗುವುದಿಲ್ಲವೆಂಬುದನ್ನು ಯಾವ ಮಗುವೂ ಆಕ್ಷೇಪಿಸಲಿಲ್ಲ. ಸಿನಿಮಾ, ದೂರದರ್ಶನ, ಚಿತ್ರಕಥೆಗಳ ಪಾತ್ರಗಳಿಗೆ ಕಂಪನಿಯು ಪರವಾನಗಿ ಪಡೆದು ದುಡಿಯಿತು. 1982ರ ಶರತ್ಕಾಲದಲ್ಲಿ ಷಿಕಾಗೋ ನಗರದಲ್ಲಿ ಟೈಲೆನಾಲ್ ಮಾತ್ರೆಗಳಲ್ಲಿ ಯಾರೋ ವಿಷ ಬೆರೆಸಿ ಜನ ಸತ್ತಾಗ, ಹೊರಗಿನವರು ಕೊಟ್ಟ ತಿನಿಸಿನ ಬಗ್ಗೆ ಭಯ ಹುಟ್ಟಿ ಆ ವರ್ಷದ ಹಬ್ಬದ ವ್ಯಾಪಾರವೇ ಕುಸಿಯಿತು. ಕಂಪನಿ ಚೇತರಿಸಿಕೊಳ್ಳಲಿಲ್ಲ, ದಿವಾಳಿಯಾಗಿ 1992ರಲ್ಲಿ ರೂಬೀಸ್ ಎಂಬ ಪ್ರತಿಸ್ಪರ್ಧಿಯ ಕೈಸೇರಿತು.

ಅಂದು ಆ ವೇಷ ತೊಟ್ಟ ಮಕ್ಕಳಿಗೆ ಇಂದು ಐವತ್ತು, ಅರವತ್ತು ವರ್ಷ. ಪೆಟ್ಟಿಗೆ ಸಹಿತ ಉಳಿದ ಹಳೆಯ ವೇಷಗಳನ್ನು ಅವರು ಬೆಲೆ ಕೊಟ್ಟು ಹುಡುಕುತ್ತಾರೆ. ಇದನ್ನು ಗಮನಿಸಿದ ನೆಕಾ ಎಂಬ ಆಟಿಕೆ ತಯಾರಕ ಸಂಸ್ಥೆಯು ಬೆನ್ ಕೂಪರ್ ಹೆಸರಿನಲ್ಲೇ, ಕೈಕಾಲು ಮಡಿಸಬಹುದಾದ ಸುಮಾರು ಆರು ಇಂಚಿನ ಗೊಂಬೆಗಳ ಸಾಲೊಂದನ್ನು ಹೊರತಂದಿತು. ಇಲ್ಲಿರುವ ಜಾಣ್ಮೆಯನ್ನು ಗುರುತಿಸಬೇಕು. ಈ ಗೊಂಬೆ ರಾಕ್ಷಸನದಲ್ಲ, ವೀರನದಲ್ಲ. ರಾಕ್ಷಸನ ಅಗ್ಗದ ವೇಷ ತೊಟ್ಟ ಮಗುವಿನದು. ಕೊಳ್ಳುವವನು ಆ ಪಾತ್ರವನ್ನು ಕೊಳ್ಳುತ್ತಿಲ್ಲ, ತನ್ನ ಬಾಲ್ಯದ ಒಂದು ರಾತ್ರಿಯನ್ನು ಕೊಳ್ಳುತ್ತಿದ್ದಾನೆ.

ಗೋವೆಯ ಗೊಂಬೆಗಳ ಪಾಠ

ಸಂಗ್ರಾಹಕರ ಮಾರುಕಟ್ಟೆಯೆಂಬುದು ನಮ್ಮ ನಾಡಿಗೆ ಸಂಬಂಧಿಸಿದ್ದಲ್ಲ ಎಂದು ತಳ್ಳಿಹಾಕುವಂತಿಲ್ಲ. ಎಂ.ಆರ್.ಎಫ್. ಹಾಗೂ ಅಮೆರಿಕದ ಹ್ಯಾಸ್ಬ್ರೋ ಸೇರಿ ಆರಂಭಿಸಿದ ಫನ್‌ಸ್ಕೂಲ್ ಕಂಪನಿಯು ಗೋವೆಯ ಕಾರ್ಖಾನೆಯಲ್ಲಿ ಜಿ.ಐ. ಜೋ ಸೈನಿಕ ಗೊಂಬೆಗಳನ್ನು ತಯಾರಿಸಿತು. ‘ಆ್ಯಕ್ಷನ್ ಫಿಗರ್’ ಎಂಬ ಮಾತು ಹುಟ್ಟಿದ್ದೇ 1964ರಲ್ಲಿ, ಹ್ಯಾಸ್ಬ್ರೋ ತನ್ನ ಜಿ.ಐ. ಜೋವನ್ನು ಗಂಡುಮಕ್ಕಳಿಗೆ ಮಾರಲು ಹೊರಟಾಗ; ಗೊಂಬೆ ಎಂದರೆ ಹುಡುಗರು ಕೊಳ್ಳಲಾರರೆಂಬ ಅಳುಕಿನಿಂದ ಹೊಸ ಹೆಸರನ್ನಿಟ್ಟರು. ಭಾರತದಲ್ಲಿ ತಯಾರಾದ ಸೈನಿಕರ ಬಣ್ಣಗಳು ಅಮೆರಿಕದ ಮೂಲ ಗೊಂಬೆಗಳಿಗಿಂತ ಅನೇಕ ಕಡೆ ಬೇರೆಯಾಗಿದ್ದವು, ಒಂದರ ತಲೆ ಇನ್ನೊಂದರ ಮೈಗೆ ಸೇರಿದ್ದೂ ಉಂಟು. ಅಂದು ದೋಷವೆನಿಸಬಹುದಾಗಿದ್ದ ಈ ವ್ಯತ್ಯಾಸಗಳಿಗಾಗಿಯೇ ವಿದೇಶಿ ಸಂಗ್ರಾಹಕರು ಇಂದು ಭಾರತೀಯ ತಯಾರಿಕೆಯ ಗೊಂಬೆಗಳನ್ನು ಅರಸುತ್ತಾರೆ. ರಟ್ಟಿನಿಂದ ಬಿಚ್ಚದ ಗೊಂಬೆಗೆ ಒಂದು ಬೆಲೆ, ಬಿಚ್ಚಿದ್ದಕ್ಕೆ ಇನ್ನೊಂದು, ಬಂದೂಕು ಕಳೆದುಹೋಗಿದ್ದರೆ ಮತ್ತೊಂದು.

ವೇಷದ ವಿಷಯದಲ್ಲಿ ಕನ್ನಡ ನಾಡಿನ ಮಕ್ಕಳಿಗೂ ಒಂದು ಕಾಲವಿತ್ತು. 1997ರಿಂದ 2005ರವರೆಗೆ ದೂರದರ್ಶನದಲ್ಲಿ ಪ್ರಸಾರವಾದ ‘ಶಕ್ತಿಮಾನ್’ ಧಾರಾವಾಹಿಯ ದಿನಗಳಲ್ಲಿ ಎದೆಯ ಮೇಲೆ ಹೊಂಬಣ್ಣದ ಚಕ್ರವಿದ್ದ ಕೆಂಪು ಉಡುಪು ಜಾತ್ರೆಯ ಅಂಗಡಿಯಿಂದ ಜವಳಿ ಅಂಗಡಿಯವರೆಗೆ ತೂಗಾಡುತ್ತಿತ್ತು. ಅಂದು ಅದಕ್ಕಾಗಿ ಹಟ ಹಿಡಿದವರು ಇಂದು ಮೂವತ್ತು ದಾಟಿದ, ಕೈಯಲ್ಲಿ ಸಂಬಳವಿರುವ ಗಿರಾಕಿಗಳು. ನೆನಪಿಗೆ ಹಣ ತೆರುವ ವಯಸ್ಸು ಅದೇ.

ಮೊಹರಮ್ಮಿನ ಹುಲಿ, ಗೌರಿ ಹುಣ್ಣಿಮೆಯ ಅಚ್ಚು

ಆದರೆ ಈ ನಾಲ್ಕು ತಾಲೂಕುಗಳ ನಿಜವಾದ ಬಂಡವಾಳ ದೂರದರ್ಶನದ್ದಲ್ಲ. ಮೊಹರಂ ದಿನಗಳಲ್ಲಿ ಇಲ್ಲಿನ ಹಳ್ಳಿಗಳಲ್ಲಿ ಹಿಂದೂ ಮುಸ್ಲಿಂ ಎನ್ನದೆ ಜನ ಅಲಾಯಿ ದೇವರಿಗೆ ಹರಕೆ ಹೊರುತ್ತಾರೆ. ಹರಕೆಯ ಮಕ್ಕಳು ಫಕೀರರಾಗುತ್ತಾರೆ. ಇನ್ನು ಕೆಲವರು ಮೈಗೆ ಹಳದಿ, ಕಪ್ಪು ಪಟ್ಟೆ ಬಳಿಸಿಕೊಂಡು ಹುಲಿಯಾಗಿ ಹಲಗೆಯ ಬಡಿತಕ್ಕೆ ಕುಣಿಯುತ್ತಾರೆ. ಮನೆಮನೆಗೆ ಹೋಗಿ ಕಾಣಿಕೆ ಪಡೆಯುವ ಈ ಬಾಲಹುಲಿಯನ್ನು ಹ್ಯಾಲೋವೀನ್ ಮಗುವಿನ ಪಕ್ಕದಲ್ಲಿ ನಿಲ್ಲಿಸಿದರೆ ನೋಟಕ್ಕೆ ಸಾಮ್ಯ ಎದ್ದು ಕಾಣುತ್ತದೆ. ಭಾವ ಮಾತ್ರ ಬೇರೆ: ಅಲ್ಲಿ ವಿನೋದ, ಇಲ್ಲಿ ಹರಕೆ. ದೊಡ್ಡಾಟದ ಕಿರೀಟ, ಭುಜಕೀರ್ತಿಗಳನ್ನು ಅಣಕಿಸಿ ರಟ್ಟು ಬೇಗಡೆಯಲ್ಲಿ ಮಕ್ಕಳು ಮಾಡಿಕೊಳ್ಳುವ ವೇಷಗಳನ್ನೂ ಇದೇ ಸಾಲಿಗೆ ಸೇರಿಸಬಹುದು.

ಕಾರ್ತಿಕದ ಗೌರಿ ಹುಣ್ಣಿಮೆಯಂದು ಪುಟ್ಟ ಹುಡುಗಿಯರು ಇಳಕಲ್ ಸೀರೆಯುಟ್ಟು, ದೊಡ್ಡವರ ಒಡವೆ ತೊಟ್ಟು, ಸಕ್ಕರೆ ಆರತಿ ಹಿಡಿದು ಗೌರಿಗೆ ಬೆಳಗಲು ಹೋಗುತ್ತಾರೆ. ತಟ್ಟೆಯಲ್ಲಿರುವ ತೇರು, ಆನೆ, ಕುದುರೆ, ನವಿಲು, ಗಿಳಿ ಎಲ್ಲವೂ ಸಕ್ಕರೆಯ ಗೊಂಬೆಗಳು. ಎರಡು ಹೋಳಿನ ಮರದ ಅಚ್ಚನ್ನು ನೀರಿನಲ್ಲಿ ನೆನೆಸಿ, ಜೋಡಿಸಿ ಬಿಗಿದು, ಹದವಾದ ಪಾಕ ಹೊಯ್ದು, ಗಟ್ಟಿಯಾದ ಮೇಲೆ ಬಿಡಿಸುತ್ತಾರೆ. ಒಂದು ಒಳ್ಳೆಯ ಅಚ್ಚು ಎರಡು ಮೂರು ತಲೆಮಾರು ಬಾಳುತ್ತದೆ. ಹೊಸ ತಲೆಮಾರಿಗೆ ಪಾಕದ ಕೆಲಸ ಬೇಡವಾದ ಮನೆಗಳಲ್ಲಿ ಇವು ಅಟ್ಟದಲ್ಲಿ ಗೆದ್ದಲಿಗೆ ಆಹಾರವಾಗುತ್ತಿವೆ ಇಲ್ಲವೆ ಹಳೆಸಾಮಾನಿನವರಿಗೆ ಚಿಲ್ಲರೆ ಹಣಕ್ಕೆ ಹೋಗುತ್ತಿವೆ. ಕೊಂಡವರು ಅದನ್ನು ತೂಕದ ಕಟ್ಟಿಗೆಯೆಂದು ಕೊಳ್ಳುವುದಿಲ್ಲ. ನಗರಗಳ ಅಲಂಕಾರ ಸಾಮಗ್ರಿಯ ಮಳಿಗೆಗಳಲ್ಲಿ ಅಂಥ ಅಚ್ಚು ಗೋಡೆಯ ಮೇಲೇರಿ ಕುಳಿತಿರುತ್ತದೆ. ಮಾರಿದವನಿಗೂ ಕೊನೆಯಲ್ಲಿ ಕೊಂಡವನಿಗೂ ನಡುವಿನ ಅಂತರವೇ ಅಜ್ಞಾನದ ಬೆಲೆ, ಅದನ್ನು ತೆರುತ್ತಿರುವವನು ಊರಿನವನು.

ಗೊಂಬೆ ಮಾಡುವ ಕೈಗಳೂ ದೂರವಿಲ್ಲ. ಕೊಪ್ಪಳದ ಸಮೀಪದ ಕಿನ್ನಾಳದಲ್ಲಿ ಚಿತ್ರಗಾರ ಕುಟುಂಬಗಳು ಹಗುರ ಮರದಲ್ಲಿ ದೇವತೆಗಳನ್ನೂ ಆಟಿಕೆಗಳನ್ನೂ ಕಡೆಯುತ್ತವೆ. ಹುಣಸೆ ಬೀಜದ ಅಂಟು, ಕಟ್ಟಿಗೆಯ ಪುಡಿ, ನೆನೆಸಿ ಒಣಗಿಸಿ ಪುಡಿಮಾಡಿದ ಗೋಣಿನಾರು ಸೇರಿಸಿದ ‘ಕಿಟ್ಟ’ದಿಂದ ಅಂಗಾಂಗ ತುಂಬಿ, ಕಲ್ಲಿನ ಪುಡಿಯ ಲೇಪದಿಂದ ಒಡವೆಗಳನ್ನು ಉಬ್ಬಿಸಿ ಬರೆಯುವುದು ಅವರ ಕ್ರಮ. ಚನ್ನಪಟ್ಟಣದಂತೆ ಕಿನ್ನಾಳದ ಆಟಿಕೆಗೂ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಇಂಡಿಯ ಲಿಂಬೆಗೆ ಅದೇ ಮಾನ್ಯತೆ ದೊರೆತಾಗ ಬೆಳೆಗಾರರು ಹರ್ಷಪಟ್ಟದ್ದು ಸರಿಯೇ. ಮಾನ್ಯತೆಯೊಂದೇ ಗಿರಾಕಿಯನ್ನು ತರುವುದಿಲ್ಲವೆಂಬುದನ್ನು ಕಿನ್ನಾಳದ ಕುಟುಂಬಗಳು ಬಲ್ಲವು. ಅದೇ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಸುಮಾರು 400 ಎಕರೆಯ ಆಟಿಕೆ ಉತ್ಪಾದನಾ ಕ್ಲಸ್ಟರಿಗೆ 2021ರಲ್ಲಿ ಶಂಕುಸ್ಥಾಪನೆಯಾಯಿತು. ರಫ್ತಿಗೆ ಲಕ್ಷಗಟ್ಟಲೆ ತಯಾರಿಸುವ ಅಂಥ ಕಾರ್ಖಾನೆಗಳಿಗೆ ಐನೂರು ಗೊಂಬೆಗಳ ಆರ್ಡರು ರುಚಿಸದು. ಸಣ್ಣ ಉದ್ದಿಮೆದಾರನಿಗೆ ಜಾಗವಿರುವುದು ಅಲ್ಲಿಯೇ.

ಅಚ್ಚಿನ ಲೆಕ್ಕ, ಕಾನೂನಿನ ಲೆಕ್ಕ

ಉದಾಹರಣೆಗೆ, ಪ್ಲಾಸ್ಟಿಕ್ ಗೊಂಬೆಯ ಉಕ್ಕಿನ ಅಚ್ಚಿಗೆ 3 ಲಕ್ಷ ರೂಪಾಯಿ ತಗಲುವುದೆಂದು ಇಟ್ಟುಕೊಳ್ಳೋಣ. 10,000 ಗೊಂಬೆ ತೆಗೆದರೆ ಅಚ್ಚಿನ ಹೊರೆ ಗೊಂಬೆಯೊಂದಕ್ಕೆ 30 ರೂಪಾಯಿ. 500 ಮಾತ್ರ ತೆಗೆದರೆ 600 ರೂಪಾಯಿ. ಆದ್ದರಿಂದ ಕಡಿಮೆ ಸಂಖ್ಯೆಗೆ ಉಕ್ಕಿನ ಅಚ್ಚು ನಷ್ಟದ ಬಾಬತ್ತು. ಸಿಲಿಕೋನ್ ಅಚ್ಚಿನಲ್ಲಿ ರೆಸಿನ್ ಹೊಯ್ಯುವುದು, ಇಲ್ಲವೆ ಕಿನ್ನಾಳದ ಪದ್ಧತಿಯಲ್ಲಿ ಕೈಯಿಂದಲೇ ತಯಾರಿಸುವುದು ಮಾತ್ರ ಇಲ್ಲಿ ಹೊಂದುವ ದಾರಿ. ಸಿಲಿಕೋನ್ ಅಚ್ಚು ಹಲವು ಡಜನ್ ಎರಕದ ನಂತರ ಸವೆಯುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯದೆ ದರ ಹೇಳಿದವರು ಎರಡನೆಯ ಸರದಿಯಲ್ಲಿ ಪಶ್ಚಾತ್ತಾಪಪಡುತ್ತಾರೆ. ಉಡುಪಿನ ಬಟ್ಟೆಗೆ ಚಿಂತೆಯಿಲ್ಲ: ಚಡಚಣದ ಜವಳಿ ಪೇಟೆ ಒಂದು ಕಡೆ, ಶಾಲಾ ಸಮವಸ್ತ್ರ ತಯಾರಿಕೆಗೆ ಹೆಸರಾದ ಸೋಲಾಪುರ ಇನ್ನೊಂದು ಕಡೆ. ಅಲ್ಲಿನ ಕತ್ತರಿ ಚಿಂದಿಯಲ್ಲೇ ಆರು ಇಂಚಿನ ಚೆನ್ನಮ್ಮನ ಸೀರೆ ಆದೀತು.

ಕಾನೂನಿನ ಕಡೆ ಎಚ್ಚರಿಕೆ ಹೆಚ್ಚು ಬೇಕು. ಕೇಂದ್ರ ಸರ್ಕಾರದ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶವು 2021ರ ಜನವರಿ 1ರಿಂದ ಜಾರಿಗೆ ಬಂದಿದ್ದು, 14 ವರ್ಷದೊಳಗಿನ ಮಕ್ಕಳ ಆಟಕ್ಕೆ ಉದ್ದೇಶಿಸಿದ ವಸ್ತುಗಳಿಗೆ ಐ.ಎಸ್.ಐ. ಗುರುತು ಕಡ್ಡಾಯ. ಮಾಳಿಗೆಯಲ್ಲಿ ಹಳೆಯ ಪ್ಲಾಸ್ಟಿಕ್ ಆಟಿಕೆ ಸಿಕ್ಕಿತೆಂದು ಅದನ್ನು ಕೌಂಟರಿನಲ್ಲಿ ಮಕ್ಕಳಿಗೆ ಮಾರಲು ಇಡುವಂತಿಲ್ಲ. ‘ಸಂಗ್ರಾಹಕರಿಗಾಗಿ’ ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿ ಪಾರಾಗುವೆನೆಂದು ಭಾವಿಸುವವರು ಭಾರತೀಯ ಮಾನಕ ಬ್ಯೂರೋದ ಬೆಂಗಳೂರು ಶಾಖೆಯಿಂದ ಮೊದಲೇ ಲಿಖಿತ ಸ್ಪಷ್ಟನೆ ಪಡೆಯುವುದು ಕ್ಷೇಮ. ಅಭಿವೃದ್ಧಿ ಆಯುಕ್ತರು (ಕರಕುಶಲ) ಕಚೇರಿಯಲ್ಲಿ ನೋಂದಾಯಿತರಾದ ಕುಶಲಕರ್ಮಿಗಳು ತಯಾರಿಸಿ ಮಾರುವ ಸರಕಿಗೂ, ಭೌಗೋಳಿಕ ಸೂಚಿಯ ನೋಂದಾಯಿತ ಬಳಕೆದಾರರ ಸರಕಿಗೂ ಈ ಆದೇಶದಿಂದ ವಿನಾಯಿತಿ ಇದೆ. ಕೈಕೆಲಸದ ದಾರಿಯನ್ನು ಆಯ್ದುಕೊಳ್ಳಲು ಇದು ಇನ್ನೊಂದು ಕಾರಣ. ವೇಷ ಬಾಡಿಗೆಯವರಿಗೂ ಒಂದು ಮಾತು: ಆಟಿಕೆ ಮಾನಕದ ದಹನಶೀಲತೆಯ ಭಾಗವು ಗಡ್ಡ, ಮೀಸೆ, ಮುಖವಾಡ, ಮಕ್ಕಳ ವೇಷ ಇವನ್ನೂ ಒಳಗೊಳ್ಳುತ್ತದೆ. ಆರತಿ ತಟ್ಟೆಯ ಮುಂದೆ ಹತ್ತಿಯ ಗಡ್ಡ ಅಂಟಿಸಿಕೊಂಡು ನಿಂತ ಮಗುವನ್ನು ನೆನೆದರೆ ಕಾರಣ ತಿಳಿಯುತ್ತದೆ.

ತೆರಿಗೆಯಲ್ಲಿ ಸ್ವಲ್ಪ ಅನುಕೂಲವಾಗಿದೆ. ವಿದ್ಯುನ್ಮಾನವಲ್ಲದ ಆಟಿಕೆಗಳ ಮೇಲೆ ಶೇ. 12 ಇದ್ದ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿಯಿತು. ಆಟಿಕೆಯ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗೊಂಬೆ, ಆಟಿಕೆ ತಯಾರಿಕೆಯೂ ಸೇರಿದೆ. ಮೊದಲು 1 ಲಕ್ಷ, ಬಳಿಕ 2 ಲಕ್ಷ ರೂಪಾಯಿ ಸಾಲ ಶೇ. 5ರ ಬಡ್ಡಿಯಲ್ಲಿ ದೊರೆಯುತ್ತದೆ.

ಇನ್ನುಳಿದದ್ದು ಹಕ್ಕಿನ ಪ್ರಶ್ನೆ. ಶಕ್ತಿಮಾನ್ ಆಗಲಿ ವಿದೇಶಿ ಚಿತ್ರಕಥೆಯ ವೀರರಾಗಲಿ ಪರವಾನಗಿ ಇಲ್ಲದೆ ಗೊಂಬೆಯಾಗುವಂತಿಲ್ಲ. ವೇಷ ತೊಟ್ಟ ಮಗುವೆಂದು ಹೇಳಿದರೂ ಎದೆಯ ಚಕ್ರ ಇನ್ನೊಬ್ಬರದೇ. ಚೆನ್ನಮ್ಮ, ರಾಯಣ್ಣರಿಗೆ ಪರವಾನಗಿ ಬೇಕಿಲ್ಲ, ಆದರೆ ಅವರನ್ನು ಬರೆದ ಕ್ಯಾಲೆಂಡರಿನ ಚಿತ್ರಕಾರನಿಗೆ ಹಕ್ಕಿರಬಹುದು. ಕೃತಿಸ್ವಾಮ್ಯವು ಕರ್ತೃವಿನ ಮರಣಾನಂತರ 60 ವರ್ಷ ಇರುತ್ತದೆಂಬುದನ್ನು ಮರೆತು ಚಿತ್ರವನ್ನು ನಕಲಿಸಬಾರದು. ತಾನೇ ರೂಪಿಸಿದ ಗೊಂಬೆಯ ಆಕಾರವನ್ನು 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಿದರೆ 10 ವರ್ಷ, ನವೀಕರಿಸಿದರೆ ಇನ್ನೂ 5 ವರ್ಷ ರಕ್ಷಣೆಯುಂಟು. ಅರ್ಜಿಯು ಗೊಂಬೆ ಪೇಟೆಗೆ ಬರುವ ಮುನ್ನವೇ ಹೋಗಬೇಕು.

ಬಸವಣ್ಣನವರ ವಿಷಯದಲ್ಲಿ ಕಾಯ್ದೆಗಿಂತ ಭಾವನೆ ದೊಡ್ಡದು. ರಾಜ್ಯ ಸರ್ಕಾರವು 2024ರ ಜನವರಿಯಲ್ಲಿ ಅವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿದೆ. ಕೈಕಾಲು ತಿರುಗಿಸುವ ಬಸವಣ್ಣನ ಗೊಂಬೆಯನ್ನು ಬಾಗೇವಾಡಿಯ ಪೇಟೆಯಲ್ಲಿ ಯಾರೂ ಸಹಿಸಲಾರರು, ಸಹಿಸಬೇಕಾಗಿಯೂ ಇಲ್ಲ. ಬಸವ ಜಯಂತಿಯ ಬೆಳಿಗ್ಗೆ, ದೊಡ್ಡದಾದ ಕಿರೀಟವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ನಿಂತ ನಾಲ್ಕು ವರ್ಷದ ಹುಡುಗನ ಗೊಂಬೆ ಬೇರೆ ವಿಷಯ. ಹಾಗಿದ್ದರೂ ಮೊದಲ ಮಾದರಿಯನ್ನು ಊರಿನ ಹಿರಿಯರಿಗೂ ಮಠದವರಿಗೂ ತೋರಿಸಿಯೇ ಮುಂದುವರಿಯುವುದು ವ್ಯಾಪಾರದ ದೃಷ್ಟಿಯಿಂದಲೂ ಒಳ್ಳೆಯದು. ಮೊಹರಮ್ಮಿನ ಹುಲಿಗೂ ಇದೇ ಮಾತು ಸಲ್ಲುತ್ತದೆ.

ಮಾದರಿ ಬೇಕೆನ್ನುವವರು ಮಾಳಿಗೆಯ ಗಂಟುಗಳನ್ನು ಬಿಚ್ಚಿ ಹಳೆಯ ವೇಷಗಳ ಫೋಟೋ ತೆಗೆದಿಟ್ಟುಕೊಳ್ಳಬೇಕು. ಯಾವ ವರ್ಷ, ಯಾವ ದರ್ಜಿ, ಯಾವ ಊರಿನ ಜರಿ ಎಂಬುದನ್ನು ಮನೆಯ ಹಿರಿಯರು ಇರುವಾಗಲೇ ಬರೆದುಕೊಳ್ಳಬೇಕು, ಏಕೆಂದರೆ ಸಂಗ್ರಾಹಕನು ಮೊದಲು ಕೇಳುವುದು ಅದನ್ನೇ. ಸಕ್ಕರೆಯ ಅಚ್ಚುಗಳನ್ನು ನೋಡಬೇಕಾದರೆ ದೀಪಾವಳಿ ಕಳೆದು ಗೌರಿ ಹುಣ್ಣಿಮೆಯವರೆಗಿನ ಹದಿನೈದು ದಿನ ಮಾತ್ರ ಸಮಯ. ಹುಣ್ಣಿಮೆಯ ಮರುದಿನ ಅವನ್ನು ತೊಳೆದು, ನೆರಳಿನಲ್ಲಿ ಒಣಗಿಸಿ, ಮತ್ತೆ ಅಟ್ಟಕ್ಕೆ ಏರಿಸಿಬಿಡುತ್ತಾರೆ.