ಹಳೆಯ ಸ್ಪೋರ್ಟ್ಸ್ ಕಾರಿಗೆ ಹೊಸ ಜಿಪಿಎಸ್

ಪ್ರಶ್ನೆ: ನನ್ನ ಬಳಿ ಹಳೆಯ ಸ್ಯಾನ್ ಸ್ಟಾರ್ಮ್ ಇದೆ. ಖಾನಾಪುರದ ಕಾಡುದಾರಿಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಕಾರಿಗೆ ಜಿಪಿಎಸ್ ಹಾಕಿಸಬಹುದೇ?
— ಓದುಗರೊಬ್ಬರು, ಬೆಳಗಾವಿ

ಉತ್ತರ: ಧಾರಾಳವಾಗಿ. ಪಕ್ಕದ ಗೋವಾದಲ್ಲಿ ತಯಾರಾದ ಈ ಎರಡು ಸೀಟಿನ ಕಾರಿನ ಬಾಡಿ ಫೈಬರ್‌ಗ್ಲಾಸಿನದು. ನಿಮಗೆ ಅನುಕೂಲ, ತೊಡಕು ಎರಡೂ ಅದರಿಂದಲೇ. ಉಪಗ್ರಹದ ಸಂಕೇತವನ್ನು ಲೋಹ ತಡೆಯುತ್ತದೆ, ಫೈಬರ್‌ಗ್ಲಾಸ್ ತಡೆಯುವುದಿಲ್ಲ. ಹಾಗಾಗಿ ಆಂಟೆನಾವನ್ನು ಡ್ಯಾಶ್‌ಬೋರ್ಡಿನ ಒಳಗೇ ಅಡಗಿಸಬಹುದು. ಆದರೆ ಮಾಮೂಲಿ ಕಾರಿಗೆ ಮಾಡಿದಂತೆ ಅರ್ಥಿಂಗ್ ವೈರನ್ನು ಹತ್ತಿರದ ಬಾಡಿ ಸ್ಕ್ರೂಗೆ ಸುತ್ತಿದರೆ ಪರದೆ ಬೆಳಗುವುದೇ ಇಲ್ಲ. ಫೈಬರಿನಲ್ಲಿ ಕರೆಂಟ್ ಹರಿಯದು. ಆ ವೈರನ್ನು ಚಾಸಿಗೋ ಬ್ಯಾಟರಿಯ ನೆಗೆಟಿವ್‌ಗೋ ಎಳೆಸಿ. ಪಾಸಿಟಿವ್‌ಗೆ ಫ್ಯೂಸ್ ಇರಲಿ, ಕೀ ತಿರುಗಿಸಿದಾಗಷ್ಟೇ ಕರೆಂಟ್ ಬರುವ ವೈರಿಗೆ ಅದು ಸೇರಲಿ. ಇಲ್ಲವಾದರೆ ಅಪರೂಪಕ್ಕೆ ಹೊರಬರುವ ಕಾರಿನ ಬ್ಯಾಟರಿ ಇಳಿದುಹೋಗುತ್ತದೆ.

ಇನ್ನು ಸಿಗ್ನಲ್ ವಿಷಯ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿಗೆ ಹೋಗುವಾಗ ಟವರ್ ಕೈಕೊಟ್ಟರೂ ಜಿಪಿಎಸ್ ಕೆಲಸ ಮಾಡುತ್ತದೆ, ಫೋನಿನಲ್ಲಿರುವುದು ಕೂಡ. ಅದರ ಸಂಕೇತ ಬರುವುದು ಸುಮಾರು 20,200 ಕಿ.ಮೀ. ಎತ್ತರದ ಉಪಗ್ರಹಗಳಿಂದ, ನಾಲ್ಕು ಸಿಕ್ಕರೆ ಸಾಕು. ಮಾಯವಾಗುವುದು ನಕ್ಷೆ ಮಾತ್ರ. ಬೆಳಗಾವಿ ಬಿಡುವ ಮುನ್ನವೇ ಖಾನಾಪುರ ತಾಲ್ಲೂಕಿನ ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ.

ಅಷ್ಟಾದ ಮೇಲೆ, ನನ್ನನ್ನು ಕೇಳಿದರೆ, ಡ್ಯಾಶ್‌ಬೋರ್ಡ್ ಕೊರೆಸುವ ಗೋಜೇ ಬೇಡ. ಅದು ಸೀಳಿದರೆ ಇನ್ನೊಂದನ್ನು ಎಲ್ಲಿಂದ ತರುತ್ತೀರಿ? ಲೈಟರ್ ಸಾಕೆಟ್ಟಿಗೊಂದು ಚಾರ್ಜರ್, ಫೋನಿಗೊಂದು ಗಟ್ಟಿ ಸ್ಟ್ಯಾಂಡ್ ಸಾಕು. ಟಾಪ್ ತೆಗೆದು ಓಡಿಸುವುದಾದರೆ ಫೋನನ್ನು ನೇರ ಬಿಸಿಲಿಗೆ ಒಡ್ಡಬೇಡಿ. ವಿಪರೀತ ಕಾದರೆ ತಾನಾಗಿಯೇ ಆಫ್ ಆಗಿಬಿಡುತ್ತದೆ.