1:8 ಅಳತೆಯಲ್ಲಿ ವಿಂಟೇಜ್ ಕಾರು ಕಟ್ಟೋದು ಹೇಗೆ? (ಮತ್ತು ನಾನು ಎಲ್ಲಿ ಎಡವಿದೆ)

ನಾನು ಪುಣೆಯಲ್ಲಿರೋ ಸಾಫ್ಟ್‌ವೇರ್ ಎಂಜಿನಿಯರ್, ಊರು ಗದಗ. ವಿಡಿಯೋದಲ್ಲಿ ಟೇಬಲ್ ಮೇಲೆ ಕಾಣಿಸಿದ ಕೆಂಪು ಕಾರಿನ ಬಗ್ಗೆ ಇವತ್ತಿನ ಮಾತು. "ಆಟಿಗೆ ಕಾರಾ?" ಅಂತ ಆಫೀಸಿನಲ್ಲಿ ಎಲ್ಲರೂ ಕೇಳ್ತಾರೆ. ಅಲ್ಲ. ಇದನ್ನ ಕಟ್ಟೋಕೆ ನನಗೆ ಎರಡು ವರ್ಷ ಹಿಡೀತು.

ಇದು ಆಲ್ಫಾ ರೋಮಿಯೋ 8ಸಿ 2300 ಮೋನ್ಜಾ. ವಿಟ್ಟೋರಿಯೋ ಯಾನೋ ಎಂಬ ಎಂಜಿನಿಯರ್ ವಿನ್ಯಾಸ ಮಾಡಿದ ರೇಸ್ ಕಾರು. ಸಾಲಾಗಿ ಎಂಟು ಸಿಲಿಂಡರ್, ಜೊತೆಗೆ ಒಂದು ಸೂಪರ್‌ಚಾರ್ಜರ್. 1932ರಲ್ಲಿ ನುವೊಲಾರಿ ಮೊನಾಕೊ ಗ್ರ್ಯಾಂಡ್ ಪ್ರಿ ಗೆದ್ದದ್ದು ಇದರಲ್ಲೇ. ಇಟಲಿಯ ಟ್ಯೂರಿನ್ ನಗರದ ಪೋಕೆರ್ ಕಂಪನಿ ಇದರ 1:8 ಕಿಟ್ ಮಾಡಿತ್ತು. ಡಬ್ಬಿಯೊಳಗೆ ಸಾವಿರಕ್ಕೂ ಹೆಚ್ಚು ಬಿಡಿಭಾಗ. ನನಗೆ ಸಿಕ್ಕಿದ್ದು ಸೆಕೆಂಡ್ ಹ್ಯಾಂಡ್, ಯಾರೋ ಅರ್ಧಕ್ಕೆ ಬಿಟ್ಟಿದ್ದು.

ಮೊದಲು ಅಳತೆಯ ಲೆಕ್ಕ. ಮೂಲ ಕಾರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2650 ಮಿಲಿಮೀಟರ್. ಎಂಟರಿಂದ ಭಾಗಿಸಿದರೆ 331. ಇದು ಸುಲಭ. ಆದರೆ ಎಲ್ಲವೂ ಹೀಗೆ ಚಿಕ್ಕದಾಗೋಕೆ ಒಪ್ಪೋದಿಲ್ಲ. ಕಾರಿನ ಪೇಂಟ್ ಪದರ 120 ಮೈಕ್ರಾನ್ ಇದೆ ಅಂದುಕೊಳ್ಳಿ. ಮಾಡೆಲ್ ಮೇಲೆ ಅದು 15 ಮೈಕ್ರಾನ್ ಇರಬೇಕು, ಅಂದ್ರೆ ತಲೆಕೂದಲಿಗಿಂತಲೂ ತೆಳು. ಒಂದೇ ಸಲ ದಪ್ಪಗೆ ಸ್ಪ್ರೇ ಹೊಡೆದರೆ ಬಾನೆಟ್ಟಿನ ಗಾಳಿಕಿಂಡಿ, ರಿವೆಟ್ ಎಲ್ಲ ಮುಚ್ಚಿಹೋಗಿ ಕಾರು ಬೆಲ್ಲದ ಅಚ್ಚಿನ ಥರ ಕಾಣುತ್ತೆ. ಅದಕ್ಕೇ ತೆಳುವಾಗಿ ಹೊಡೆದು, ಒಣಗಿಸಿ, 2000 ನಂಬರಿನ ಸ್ಯಾಂಡ್ ಪೇಪರಿನಲ್ಲಿ ನೀರು ಹಾಕಿ ಉಜ್ಜಿ, ಮತ್ತೆ ಹೊಡೀಬೇಕು. ಪುಣೆಯ ಮಳೆಗಾಲದಲ್ಲಂತೂ ಈ ಕೆಲಸ ಬೇಡ. ಗಾಳಿಯಲ್ಲಿ ತೇವ ಇದ್ದರೆ ಲ್ಯಾಕರ್ ಮೇಲೆ ಬಿಳಿ ಮಂಜು ಕೂರುತ್ತೆ. ಬಾಲ್ಕನಿಯಲ್ಲಿ ಹೊಡೆದರೂ ಮಾಸ್ಕ್ ಬೇಕೇ ಬೇಕು.

ಪೈಪುಗಳಿಗೆ ದುಬಾರಿ ಸಾಮಾನು ಬೇಕಿಲ್ಲ. ಹಳೇ ಲ್ಯಾನ್ ಕೇಬಲ್ ಸೀಳಿ, ಒಳಗಿನ ತಾಮ್ರದ ತಂತಿ ಸುಮಾರು ಅರ್ಧ ಮಿಲಿಮೀಟರ್. ಎಂಟರಿಂದ ಗುಣಿಸಿದರೆ 4 ಮಿಲಿಮೀಟರಿನ ಪೈಪು! ಸೀಟಿಗೆ ಮಾತ್ರ ಸಾಧಾರಣ ಚರ್ಮ ನಡೆಯೋಲ್ಲ, ತುಂಬ ದಪ್ಪ. ಹಳೇ ಗ್ಲೌಸಿನ ಚರ್ಮವನ್ನ ಹಿಂಬದಿಯಿಂದ ಉಜ್ಜಿ ಇನ್ನೂ ತೆಳು ಮಾಡಿದೆ.

ಈಗ ಎಡವಿದ ಕಥೆಗೆ ಬರ್ತೀನಿ. ಈ ಕಾರಿನದು ತಂತಿ ಕಡ್ಡಿಯ ಗಾಲಿ. ಒಂದೊಂದೇ ಕಡ್ಡಿ ಪೋಣಿಸಿ ಗಾಲಿ ಕಟ್ಟಬೇಕು. ಆಫೀಸಿನ ರಿಲೀಸ್ ಮುಗಿದ ವಾರಾಂತ್ಯ, ನಾಲ್ಕೂ ಗಾಲಿ ಮುಗಿಸಿಬಿಡ್ತೀನಿ ಅಂತ ಕೂತೆ. ಒಂದು ಕಡ್ಡಿ ಹಾಕು, ಎಳಿ, ಗಮ್ ಹಚ್ಚು, ಮುಂದಿನದಕ್ಕೆ ಹೋಗು. ಭಾನುವಾರ ರಾತ್ರಿ ಮೊದಲ ಗಾಲಿ ತಿರುಗಿಸಿ ನೋಡಿದರೆ ಹಪ್ಪಳದ ಹಾಗೆ ಸೊಟ್ಟ.

ಆಗ ಅಪ್ಪ ನಮ್ಮ ಮನೆಯಲ್ಲಿದ್ರು. ಗದಗಿನಲ್ಲಿ ಅವರದು ಸೈಕಲ್ ಅಂಗಡಿ, ಮೂವತ್ತು ವರ್ಷ ನಡೆಸಿದ್ರು. ಅಮ್ಮ ಹೋದ ಮೇಲೆ ಅಂಗಡಿ ಮುಚ್ಚಿ ನಾನೇ ಇಲ್ಲಿಗೆ ಕರಕೊಂಡು ಬಂದಿದ್ದೆ. ಹನ್ನೊಂದನೇ ಮಹಡಿ, ಭಾಷೆ ಬಾರದ ಊರು. ದಿನವಿಡೀ ಕಿಟಕಿ ಹತ್ರ ಕೂತಿರ್ತಿದ್ರು. ಊಟ ಆಯ್ತಾ ಅಂದ್ರೆ ಆಯ್ತು, ಅಷ್ಟೇ ಮಾತು. ಆವತ್ತು ಎದ್ದು ಬಂದು ಗಾಲಿ ಕೈಗೆ ತಗೊಂಡ್ರು.

"ತಮ್ಮಾ, ಗಾಲಿ ಹಿಂಗ ಕಟ್ತಾರೇನು? ಒಂದ ಕಡ್ಡಿ ಬಿಗದ್ರ ಎದುರಿಂದು ಏನ್ ಮಾಡಬೇಕು?"

ಎಂಟೆಕ್ ಮಾಡಿರೋ ನನ್ನ ಹತ್ರ ಉತ್ತರ ಇರಲಿಲ್ಲ. ಆಮೇಲೆ ಕೂತು ಯೋಚಿಸಿದಾಗ ಹೊಳೀತು. ಎತ್ತಿನ ಬಂಡಿಯ ಮರದ ಗಾಲಿಯಲ್ಲಿ ಕೆಳಗಿನ ಕಡ್ಡಿ ಕಂಬದ ಹಾಗೆ ಭಾರ ಹೊರುತ್ತೆ. ತೆಳು ತಂತಿ ಹಾಗೆ ಹೊರೋಲ್ಲ, ಬಾಗುತ್ತೆ. ಅದು ಕೆಲಸ ಮಾಡೋದು ಎಳೆತದಲ್ಲಿ. ಎಲ್ಲ ಕಡ್ಡಿಗಳೂ ಒಂದಕ್ಕೊಂದು ಎದುರಾಗಿ ಎಳೆದಾಗ ನಡುವಿನ ಹಬ್ ನಟ್ಟನಡುವೆ ನಿಲ್ಲುತ್ತೆ. ಎಳೆತ ಸಮ ಇಲ್ಲದಿದ್ದರೆ ರಿಮ್ ಸೊಟ್ಟಗಾಗುತ್ತೆ. ನಾನು ಪ್ರತಿ ಕಡ್ಡಿಗೂ ಆಗಲೇ ಗಮ್ ಹಚ್ಚಿ, ಸರಿ ಮಾಡೋ ದಾರಿಯನ್ನೇ ಮುಚ್ಚಿದ್ದೆ.

ಅಪ್ಪ ಹೇಳಿಕೊಟ್ಟ ಕ್ರಮ ಇಷ್ಟು. ರಿಮ್ ಮತ್ತು ಹಬ್ ಎರಡನ್ನೂ ಸಪಾಟಾದ ಹಲಗೆ ಮೇಲೆ ಅಲುಗಾಡದ ಹಾಗೆ ಕೂರಿಸು. ಎಲ್ಲ ಕಡ್ಡಿಗಳನ್ನೂ ಸಡಿಲವಾಗೇ ಪೋಣಿಸು. ಆಮೇಲೆ ಎದುರುಬದುರು ಜೋಡಿಯಾಗಿ ಸ್ವಲ್ಪ ಸ್ವಲ್ಪ ಬಿಗಿ ಮಾಡ್ತಾ ಸುತ್ತು ಬಾ. ಗಾಲಿ ತಿರುಗಿಸಿ ನೋಡು. ಗಮ್ ಕೊನೆಗೆ.

ಅವರ ಕಣ್ಣಿಗೆ ಪೊರೆ ಬಂದಿತ್ತು, ಅರ್ಧ ಮಿಲಿಮೀಟರಿನ ಕಡ್ಡಿ ಕಾಣ್ತಿರಲಿಲ್ಲ. ಪೋಣಿಸೋದು ನಾನು. ಅವರು ಉಗುರಿನಿಂದ ಕಡ್ಡಿ ಮೀಟಿ, ಕಿವಿ ಹತ್ರ ಹಿಡಿದು, "ಇದು ಸಡಿಲ ಐತಿ" ಅನ್ನೋರು. ಒಂದು ಗಾಲಿಗೆ ನಾಲ್ಕು ಸಂಜೆ. ಮೂರನೇ ಗಾಲಿ ಹೊತ್ತಿಗೆ ನಾನು ಆಫೀಸಿನಿಂದ ಬರೋದು ತಡವಾದ್ರೆ ಫೋನ್ ಬರ್ತಿತ್ತು: "ಎಷ್ಟೊತ್ತಿಗೆ ಬರ್ತಿ?" ಅಂಗಡಿ ಮುಚ್ಚಿದ ಮೇಲೆ ಅವರು ಏನನ್ನಾದರೂ ಕಾಯ್ತಾ ಇದ್ದದ್ದನ್ನ ನಾನು ಕಂಡದ್ದು ಅದೇ ಮೊದಲು. ಮನೆಗೆ ಕರಕೊಂಡು ಬಂದರೆ ಸಾಕು ಅಂದುಕೊಂಡಿದ್ದೆ. ಅವರ ಕೈಗೂ ಕೆಲಸ ಬೇಕು ಅನ್ನೋದು ತಲೆಗೇ ಬಂದಿರಲಿಲ್ಲ.

ಈಗ ಅಪ್ಪನ ಪೊರೆ ಆಪರೇಷನ್ ಆಗಿದೆ. ನಮ್ಮ ಸೊಸೈಟಿಯ ಮಕ್ಕಳು ಸೈಕಲ್ ತಗೊಂಡು ನಮ್ಮ ಬಾಗಿಲಿಗೇ ಬರ್ತಾರೆ. ಮರಾಠಿಯೂ ಅಷ್ಟಿಷ್ಟು ಬರುತ್ತೆ.

ನೀವೂ ಶುರು ಮಾಡೋದಾದ್ರೆ 1:8ಕ್ಕೆ ನೇರ ಕೈ ಹಾಕಬೇಡಿ. 1:24ರ ಸಣ್ಣ ಕಿಟ್, ಒಂದು ಚಿಮಟ, ಕೈಯಲ್ಲಿ ತಿರುಗಿಸೋ ಸಣ್ಣ ಡ್ರಿಲ್, ಸ್ಯಾಂಡ್ ಪೇಪರ್ ಸಾಕು. ಒಂದು ಭಾಗ ಕೆಟ್ಟರೆ ಆವತ್ತಿಗೆ ನಿಲ್ಲಿಸಿ. ಆ ಸೊಟ್ಟ ಗಾಲಿಯನ್ನ ನಾನು ಬಿಸಾಡಿಲ್ಲ, ಮಾನಿಟರ್ ಪಕ್ಕದಲ್ಲೇ ಇಟ್ಟಿದ್ದೀನಿ. ಮುಂದಿನ ಮಾತಿನಲ್ಲಿ ಸಿಗೋಣ.